ದಂಪತಿಗಳ ದೇಶಾಟನೆ ಮತ್ತು ಕನ್ನಡ ನಾಡು

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವ ಕ್ರಮವನ್ನು ಕಲಿಸುವುದಕ್ಕೆ ಪಾಠಶಾಲೆಗಳಿವೆ; ದೇಶವನ್ನು ಸುತ್ತುವ ಕ್ರಮವನ್ನು ಕಲಿಸುವ ಶಾಲೆ ಯಾವುದೂ ಇಲ್ಲ. ಸುತ್ತುವುದು ಎಲ್ಲರಿಗೂ ಹುಟ್ಟಿನಿಂದಲೇ ಬರುವ ವಿದ್ಯೆಯೆಂದು ಜನ ನಂಬಿರುವುದೇ ಇದಕ್ಕೆ ಕಾರಣವಾಗಿರಬಹುದು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂದಿನ ದಿನಗಳಲ್ಲಿ ದೇಶಾಟನೆಯ ಒಂದು ಹೊಸ ಬಗೆ ಬಳಕೆಗೆ ಬಂದಿದೆ. ಗಂಡಹೆಂಡಿರಿಬ್ಬರೇ ಸೇರಿ ಒಂದು ಮೋಟಾರು ವಾಹನವನ್ನು ಬಾಡಿಗೆಗೆ ಹಿಡಿದು, ನ್ಯೂಜಿಲೆಂಡಿನ ಹಿಮಗಿರಿಗಳ ಮಗ್ಗುಲಲ್ಲಿಯೋ ನಾರ್ವೆಯ ಕಡಲ ಕೊರಕಲುಗಳ ಅಂಚಿನಲ್ಲಿಯೋ ಕೆನಡಾ ದೇಶದ ಸರೋವರಗಳ ದಡದಲ್ಲಿಯೋ ವಾರಗಟ್ಟಲೆ ಸಂಚರಿಸುತ್ತಾರೆ. ಆ ವಾಹನವೇ ಅವರಿಗೆ ಮನೆ. ಮುಂಭಾಗದಲ್ಲಿ ಸಾರಥಿಯ ಆಸನ. ಹಿಂಭಾಗದಲ್ಲಿ ಹಗಲು ಮಡಿಸಿ ಇರುಳು ಬಿಚ್ಚುವ ಹಾಸಿಗೆ, ಅನಿಲದ ಒಲೆ, ನೀರಿನ ತೊಟ್ಟಿ, ಪಾತ್ರೆಗಳ ಗೂಡು. ಅದನ್ನು ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ಕನ್ನಡದಲ್ಲಿ 'ಮನೆಬಂಡಿ' ಎಂದರೆ ಅರ್ಥವು ಸುಲಭವಾಗಿ ಹೊಳೆಯುತ್ತದೆ. ಛತ್ರವನ್ನು ಹುಡುಕುವ ತೊಂದರೆಯಿಲ್ಲ, ಹೊತ್ತುಹೊತ್ತಿಗೆ ಪರರ ಅಡುಗೆಗೆ ಕಾಯಬೇಕಾಗಿಲ್ಲ. ಎಲ್ಲಿ ನಿಲ್ಲಲು ಅಪ್ಪಣೆಯಿದೆಯೋ ಅಲ್ಲಿಯೇ ಬಿಡಾರ. ಕರ್ನಾಟಕದಿಂದ ಹೋಗಿ ಹೊರದೇಶಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ, ಮಕ್ಕಳನ್ನು ಕಾಣಲು ಅಲ್ಲಿಗೆ ತೆರಳುವ ನಿವೃತ್ತ ದಂಪತಿಗಳಲ್ಲಿಯೂ ಈ ಸಂಚಾರದ ಹಂಬಲ ಇಂದು ಕಾಣುತ್ತದೆ.

ಈ ಬಂಡಿಯ ಇತಿಹಾಸವು ಬಹು ಹಳೆಯದಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯನೊಬ್ಬನು 1885ರಲ್ಲಿ ಕೇವಲ ವಿಹಾರಕ್ಕಾಗಿ ಎರಡು ಕುದುರೆಗಳು ಎಳೆಯುವ ಮನೆಬಂಡಿಯೊಂದನ್ನು ಮಾಡಿಸಿ ಅದರಲ್ಲಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು. ಜರ್ಮನಿಯ ವೆಸ್ಟ್‌ಫಾಲಿಯ ಸಂಸ್ಥೆಯವರು 1951ರಲ್ಲಿ ಫೋಕ್ಸ್‌ವ್ಯಾಗನ್ ವಾಹನದೊಳಗೆ ಮಂಚವನ್ನೂ ಕಪಾಟನ್ನೂ ಅಳವಡಿಸಿದ ಮೇಲೆ ಮೋಟಾರಿನ ಮನೆಬಂಡಿ ಸಾಮಾನ್ಯ ಕುಟುಂಬಗಳ ಕೈಗೂ ಎಟುಕಿತು.

ಬಂಡಿಯು ಹೊಸತಾದರೂ ಅದರ ಹೆಸರು ಬಹು ಪ್ರಾಚೀನವಾದುದು. 'ವ್ಯಾನ್' ಎಂಬುದು 'ಕ್ಯಾರವ್ಯಾನ್' ಎಂಬ ಶಬ್ದದ ಬಾಲದ ತುಣುಕು. ಆ ಶಬ್ದವಾದರೋ ಪಾರಸಿಯ 'ಕಾರ್ವಾನ್' ಎಂಬುದರಿಂದ ಬಂದುದು. ಮರುಭೂಮಿಯನ್ನು ಒಂಟಿಯಾಗಿ ದಾಟಲಾರದ ವರ್ತಕರು, ಯಾತ್ರಿಕರು, ಕುಟುಂಬಸ್ಥರು ಒಂಟೆ ಕುದುರೆಗಳೊಡನೆ ಗುಂಪುಗೂಡಿ ಹೊರಡುವ ಪಯಣದ ತಂಡಕ್ಕೆ ಪಾರಸಿಕರು ಇಟ್ಟ ಹೆಸರು ಅದು. ನಮ್ಮ ಸಂಸ್ಕೃತದಲ್ಲಿ ಅದಕ್ಕೆ 'ಸಾರ್ಥ' ಎಂದು ಹೆಸರು. ಅದರ ನಾಯಕನು ಸಾರ್ಥವಾಹ. ಅಕ್ಕಿ ಬೇಳೆಗಳನ್ನು ತುಂಬಿಕೊಂಡು ಕಮಾನು ಗಾಡಿಯಲ್ಲಿ ಜಾತ್ರೆಗೆ ಹೊರಟು, ದಾರಿಯ ತೋಪಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಣ್ಣುತ್ತಿದ್ದ ನಮ್ಮ ಹಳ್ಳಿಯ ಕುಟುಂಬಗಳೂ ಮನೆಯನ್ನು ಜೊತೆಗೊಯ್ದವರೇ. ಆದುದರಿಂದ ಸಂಸಾರಸಮೇತವಾಗಿ ದೇಶ ಸುತ್ತುವುದು ಇಂದು ನಿನ್ನೆಯ ಸಂಗತಿಯಲ್ಲ.

ಹೀಗೆ ನಿಜವಾದ ಕಾರ್ವಾನಿನಲ್ಲಿ ಸಂಚರಿಸಿದ ದಂಪತಿಗಳ ಒಂದು ಕಥೆಯು ಕನ್ನಡ ನಾಡಿನೊಡನೆ, ಅದರಲ್ಲಿಯೂ ಮೂಡುಬಿದಿರೆಯ ಬಳಿಯ ಪುತ್ತಿಗೆಯಲ್ಲಿ ಆಳಿದ ಅರಸು ಮನೆತನದೊಡನೆ ಹೆಣೆದುಕೊಂಡಿದೆ. ಪತಿಯ ಹೆಸರು ಪಿಯೆಟ್ರೊ ಡೆಲ್ಲಾ ವಲ್ಲೆ, ರೋಮ್ ನಗರದವನು. ಪತ್ನಿಯ ಹೆಸರು ಸಿತ್ತಿ ಮಾನಿ, ಬಾಗ್ದಾದಿನವಳು. ಪತಿಯು 1623ರಲ್ಲಿ ನಮ್ಮ ನಾಡಿಗೆ ಬಂದನು. ಪತ್ನಿಯು ಬರಲಿಲ್ಲ, ಆದರೆ ಅವಳಿಲ್ಲದೆ ಈ ಕಥೆಯಿಲ್ಲ.

ಪಿಯೆಟ್ರೊ ಮತ್ತು ಮಾನಿ

ಪಿಯೆಟ್ರೊ 1586ರಲ್ಲಿ ರೋಮಿನ ಕುಲೀನ ಮನೆತನವೊಂದರಲ್ಲಿ ಹುಟ್ಟಿದನು. ಪ್ರೇಮಭಂಗದಿಂದ ಬೇಸತ್ತ ಅವನಿಗೆ ನೇಪಲ್ಸಿನ ವೈದ್ಯಶಾಸ್ತ್ರದ ಅಧ್ಯಾಪಕ ಮಾರಿಯೊ ಸ್ಕಿಪಾನೊ ಎಂಬ ಗೆಳೆಯನು ಪೂರ್ವದೇಶಗಳ ಯಾತ್ರೆಯನ್ನು ಸೂಚಿಸಿದನು. 1614ರ ಜೂನ್ 8ರಂದು ವೆನಿಸಿನಿಂದ ಹಡಗು ಹತ್ತಿದ ಪಿಯೆಟ್ರೊ ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರುಸಲೇಮ್, ಡಮಾಸ್ಕಸ್ ಇವುಗಳನ್ನು ನೋಡಿ ಅಲೆಪ್ಪೊ ನಗರಕ್ಕೆ ಬಂದನು. ಕಂಡುದೆಲ್ಲವನ್ನೂ ದೀರ್ಘ ಪತ್ರಗಳಲ್ಲಿ ಸ್ಕಿಪಾನೊನಿಗೆ ಬರೆದು ತಿಳಿಸುವುದು ಅವನ ನಿಯಮವಾಗಿತ್ತು.

ಅಲೆಪ್ಪೊದಿಂದ ಬಾಗ್ದಾದಿಗೆ ಕಾರ್ವಾನಿನಲ್ಲಿ ಹೋಗುತ್ತಿದ್ದಾಗ ಸಹಯಾತ್ರಿಕನೊಬ್ಬನು ಬಾಗ್ದಾದಿನ ಕ್ರೈಸ್ತ ಕನ್ಯೆಯೊಬ್ಬಳ ರೂಪವನ್ನೂ ಗುಣವನ್ನೂ ದಾರಿಯುದ್ದಕ್ಕೂ ವರ್ಣಿಸಿದನು. ದಮಯಂತಿಯ ಗುಣಗಳನ್ನು ಕೇಳಿಯೇ ನಳನು ಮನಸೋತಂತೆ ಪಿಯೆಟ್ರೊ ಕಾಣದ ಕನ್ಯೆಗೆ ಮನಸೋತನು. ಮಾನಿಯ ಮನೆತನವು ಮಾರ್ದಿನ್ ಎಂಬ ಊರಿನಿಂದ ಬಂದು ಬಾಗ್ದಾದಿನಲ್ಲಿ ನೆಲೆಸಿತ್ತು. ಅವಳಿಗೆ ಆಗ ಹದಿನೆಂಟು ವರ್ಷ. 1616ರಲ್ಲಿ ವಿವಾಹ ನಡೆಯಿತು. ಮಾರನೆಯ ವರ್ಷದ ಆರಂಭದಲ್ಲಿಯೇ ದಂಪತಿಗಳು ಪಾರಸೀಕ ದೇಶದ ಹಾದಿಯನ್ನು ಹಿಡಿದರು.

ಅಲ್ಲಿಂದ ಸುಮಾರು ಐದು ವರ್ಷಗಳ ಕಾಲ ಅವರ ಮನೆಯೆಂದರೆ ಹಾದಿಯೇ ಎನ್ನಬಹುದು. ಇಸ್ಫಹಾನಿನಲ್ಲಿ ಕೆಲಕಾಲ ಬಿಡಾರ. ಅಲ್ಲಿಂದ ಉತ್ತರಕ್ಕೆ, ಕಾಸ್ಪಿಯನ್ ಕಡಲಿನ ತೀರದ ದಟ್ಟವಾದ ಹಸುರಿನ ಮಾಜಂದರಾನ್ ಸೀಮೆಗೆ ಪಯಣ. ಅಲ್ಲಿ 1618ರಲ್ಲಿ ಪಾರಸೀಕ ಚಕ್ರವರ್ತಿ ಷಾ ಅಬ್ಬಾಸನ ದರ್ಶನವಾಯಿತು. ಆ ನಾಡಿನಲ್ಲಿ ಕುಲಸ್ತ್ರೀಯರ ಪಯಣಕ್ಕೆ ಒಂಟೆಯ ಇಕ್ಕೆಲಗಳಲ್ಲಿ ತೂಗುಹಾಕುವ, ಮೇಲೆ ಮುಚ್ಚಿಗೆಯುಳ್ಳ ತೊಟ್ಟಿಲುಗಳಿದ್ದವು. ಇಂದಿನ ಮನೆಬಂಡಿಯ ಸುಖವೆಲ್ಲಿ, ಒಂಟೆಯ ಕುಲುಕಾಟವೆಲ್ಲಿ! ಆದರೂ ಸತಿಪತಿಗಳಿಬ್ಬರೂ ಕೂಡಿ ಪರ್ವತಗಳನ್ನೂ ಮರುಭೂಮಿಗಳನ್ನೂ ದಾಟಿದರು. 1621ರ ಅಕ್ಟೋಬರಿನಲ್ಲಿ ದಕ್ಷಿಣಾಭಿಮುಖವಾಗಿ ಹೊರಟು ಪರ್ಸೆಪೊಲಿಸ್ ಎಂಬ ಹಾಳು ರಾಜಧಾನಿಯನ್ನು ನೋಡಿದರು. ಅಲ್ಲಿಯ ಕಲ್ಲುಗಳ ಮೇಲಿನ ಮೊಳೆಯಾಕಾರದ ಅಕ್ಷರಗಳನ್ನು ಅವನು ಪ್ರತಿಮಾಡಿಕೊಂಡನು. ಆ ಲಿಪಿಯನ್ನು ಎಡದಿಂದ ಬಲಕ್ಕೆ ಓದಬೇಕೆಂದು ಮೊಳೆಗಳ ದಿಕ್ಕನ್ನು ನೋಡಿ ಊಹಿಸಿದನು. ಆ ಊಹೆ ಸರಿಯೆಂಬುದು ಮುಂದೆ ವಿದ್ವಾಂಸರಿಂದ ಸ್ಥಿರಪಟ್ಟಿತು.

ಹೊರ್ಮುಜ್ ದ್ವೀಪದಿಂದ ಹಡಗು ಹಿಡಿದು ಇಬ್ಬರೂ ಭಾರತಕ್ಕೆ ಬರಬೇಕೆಂಬುದು ಸಂಕಲ್ಪ. ಆದರೆ ಪೋರ್ಚುಗೀಸರ ವಶದಲ್ಲಿದ್ದ ಆ ದ್ವೀಪದ ಮೇಲೆ ಪಾರಸಿಕರೂ ಇಂಗ್ಲಿಷರೂ ಯುದ್ಧ ಹೂಡಿದ್ದರಿಂದ ದಾರಿ ಕಟ್ಟಿತು. ಮಿನಾಬ್ ಎಂಬ ಬಿಸಿಗಾಳಿಯ ಊರಿನಲ್ಲಿ ಅವರು ಸಿಕ್ಕಿಬಿದ್ದರು. ಜ್ವರವು ಎಲ್ಲರನ್ನೂ ಹಿಡಿಯಿತು. ಗರ್ಭಿಣಿಯಾಗಿದ್ದ ಮಾನಿಗೆ ಗರ್ಭಪಾತವಾಗಿ, 1621ರ ಡಿಸೆಂಬರ್ 30ರಂದು ಅವಳು ತೀರಿಕೊಂಡಳು. ಆಗ ಅವಳ ವಯಸ್ಸು ಇಪ್ಪತ್ತಮೂರು.

ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಪತಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಕರ್ಪೂರವನ್ನು ತುಂಬಿಸಿ, ಪೆಟ್ಟಿಗೆಯಲ್ಲಿಡಿಸಿ, ರೋಮಿನಲ್ಲಿ ತನ್ನ ಹಿರಿಯರ ಸಮಾಧಿಯ ಮಗ್ಗುಲಲ್ಲಿಯೇ ಅವಳನ್ನು ಮಲಗಿಸುವೆನೆಂದು ನಿಶ್ಚಯಿಸಿದನು. ಹಡಗಿನವರು ಶವವನ್ನು ಹೇರಲು ಒಪ್ಪಲಾರರೆಂಬ ಭಯದಿಂದ ಅದನ್ನು ಗುಟ್ಟಾಗಿ ಸಾಗಿಸಿದನು. ದಂಪತಿಗಳು ಕೂಡಿ ಬರಬೇಕೆಂದಿದ್ದ ಭಾರತಕ್ಕೆ ಅವನು ಹೀಗೆ 1623ರ ಫೆಬ್ರವರಿಯಲ್ಲಿ ಸೂರತ್ತಿನ ಮೂಲಕ ಬಂದಿಳಿದನು. ಖಂಬಾತ, ಅಹಮದಾಬಾದುಗಳನ್ನು ನೋಡಿ ಗೋವೆಯನ್ನು ಸೇರಿದನು.

ಘಟ್ಟದ ಹಾದಿಯಲ್ಲಿ

ಆ ಕಾಲದಲ್ಲಿ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳುತ್ತಿದ್ದವನು ಇಕ್ಕೇರಿಯ ವೆಂಕಟಪ್ಪನಾಯಕ. ಕೆಳದಿಯ ಅರಸರು ವೀರಶೈವರು. ಅವರಲ್ಲಿ ಪ್ರಬಲನಾದ ಇವನ ಸ್ನೇಹವು ಪೋರ್ಚುಗೀಸರಿಗೆ ಮೆಣಸಿನ ವ್ಯಾಪಾರಕ್ಕಾಗಿ ಅವಶ್ಯವಾಗಿತ್ತು. 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಒಂದು ರಾಯಭಾರವು ಇಕ್ಕೇರಿಗೆ ಹೊರಟಿತು. ನಾಯಕನ ಕಡೆಯ ವಿಠಲ ಶೆಣೈ ಎಂಬ ರಾಯಭಾರಿಯೂ ಜೊತೆಯಲ್ಲಿದ್ದನು. ನಾಡನ್ನು ನೋಡುವ ಆಸೆಯಿಂದ ಪಿಯೆಟ್ರೊ ಆ ತಂಡವನ್ನು ಕೂಡಿಕೊಂಡನು.

ಹೊನ್ನಾವರದವರೆಗೆ ಕಡಲ ಪಯಣ. ಅಲ್ಲಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಪಯಣ. ನೈಲ್, ಯೂಫ್ರೆಟಿಸ್, ಟೈಗ್ರಿಸ್ ನದಿಗಳ ನಾಡುಗಳನ್ನು ಹಾದು ಬಂದ ಈ ಯಾತ್ರಿಕನು ಇದಕ್ಕಿಂತ ಚೆಲುವಾದ ಹೊಳೆಯನ್ನು ಕಂಡ ನೆನಪು ತನಗಿಲ್ಲವೆಂಬ ಭಾವದಲ್ಲಿ ಶರಾವತಿಯನ್ನು ಕೊಂಡಾಡಿದ್ದಾನೆ. ಎರಡು ದಡಗಳಲ್ಲಿ ಮರಗಳು, ತೋಟಗಳು, ನಡುವೆ ನಿರ್ಮಲವಾದ ನೀರು. ಗೇರುಸೊಪ್ಪೆಯಾದರೋ ಆ ವೇಳೆಗೆ ಹಾಳೂರಾಗಿತ್ತು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಅರಸಿಯ ನಗರದಲ್ಲಿ ಮರಗಿಡಗಳು ಬೆಳೆದು ನಿಂತಿದ್ದವು. ಅಲ್ಲಿಂದ ಮುಂದೆ ಘಟ್ಟದ ಏರು.

ಘಟ್ಟದ ಹಾದಿಯಲ್ಲಿ ಒಂದು ಗುಡಿ. ಹೇರುಗಳನ್ನು ಆಳುಗಳು ಸರಿಪಡಿಸುವವರೆಗೆ ಪಿಯೆಟ್ರೊ ಗುಡಿಯ ಜಗಲಿಯಲ್ಲಿ ಕಾಯುತ್ತಿದ್ದನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯನು ಅಲ್ಲಿರಲಿಲ್ಲ. ನೆಲದ ಮೇಲೆ ನಯವಾದ ಮರಳನ್ನು ಹರಡಿದ್ದರು. ಒಬ್ಬ ಹುಡುಗನು ಪಾಠದ ಒಂದು ಸಾಲನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದವರು ಅದನ್ನೇ ಹಾಡುತ್ತ ಬರೆಯುವರು. ನೆಲವೆಲ್ಲ ತುಂಬಿದಾಗ ಹೊಸ ಮರಳನ್ನು ಎರಚಿ ಮತ್ತೆ ಮುಂದುವರಿಸುವರು. ಕಾಗದದ ವೆಚ್ಚವಿಲ್ಲ, ಲೇಖನಿಯ ಹಂಗಿಲ್ಲ.

ಇಷ್ಟನ್ನು ನೋಡಿ ಮುಂದೆ ಸಾಗಿದ್ದರೆ ಈ ದೃಶ್ಯವು ಒಂದು ವಿನೋದವಾಗಿ ಉಳಿಯುತ್ತಿತ್ತು. ಪಿಯೆಟ್ರೊ ಮುಂದೆ ಸಾಗಲಿಲ್ಲ; ಹುಡುಗರನ್ನು ಪ್ರಶ್ನಿಸಿದನು. ಪಾಠದ ಒಂದು ಭಾಗವು ಮರೆತುಹೋದರೆ, ತಪ್ಪಿದರೆ, ತಿದ್ದುವವರು ಯಾರು, ನೀವೆಲ್ಲರೂ ಕಲಿಯುವವರೇ ಆಗಿದ್ದೀರಲ್ಲ ಎಂದು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುತ್ತಾರೆ, ಅದಕ್ಕಾಗಿಯೇ ಕೂಡಿ ಓದುತ್ತೇವೆ ಎಂಬುದು ಹುಡುಗರ ಉತ್ತರ. ರೋಮಿನ ವಿದ್ಯಾವಂತನು ಆ ಉತ್ತರಕ್ಕೆ ತಲೆದೂಗಿದನು. ಕಲಿಯಲು ಇದು ಸುಂದರವೂ ಸುಲಭವೂ ಭದ್ರವೂ ಆದ ಮಾರ್ಗವೆಂದು ಅವನಿಗೆ ತೋರಿತು.

ಹದಿನೇಳನೆಯ ಶತಮಾನದ ಕನ್ನಡ ನಾಡಿನ ಹಳ್ಳಿಯ ಮಕ್ಕಳು ಹೇಗೆ ಲೆಕ್ಕ ಕಲಿಯುತ್ತಿದ್ದರೆಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯಗಳು ಬಹು ವಿರಳ. ಭಾರತದ ಹಳೆಯ ಶಿಕ್ಷಣಕ್ರಮವನ್ನು ಕುರಿತು ವಿದ್ವಾಂಸರು ಬರೆಯುವಾಗ ಇಂದಿಗೂ ಈ ಪ್ರಸಂಗವನ್ನು ಎತ್ತಿಹೇಳುತ್ತಾರೆ. ಅರಸರು ಶಾಸನದಲ್ಲಿ ಕೊರೆಯಿಸದ, ಕವಿಗಳು ವರ್ಣಿಸದ ಈ ನಾಲ್ಕು ಮಕ್ಕಳ ಪಾಠವು ಒಂದು ಪ್ರಶ್ನೆಯಿಂದ ಉಳಿಯಿತು.

ಇಕ್ಕೇರಿಯಲ್ಲಿ ಕಂಡದ್ದು, ಕೇಳಿದ್ದು

ನವೆಂಬರ್ ತಿಂಗಳಲ್ಲಿ ತಂಡವು ಇಕ್ಕೇರಿಯಲ್ಲಿತ್ತು. ಅಘೋರೇಶ್ವರನ ದೇವಾಲಯವನ್ನೂ, ಉತ್ಸವದ ಮೆರವಣಿಗೆಗಳನ್ನೂ, ಜಂಗಮರಿಗೆ ಜನರು ಸಲ್ಲಿಸುತ್ತಿದ್ದ ಗೌರವವನ್ನೂ ಪಿಯೆಟ್ರೊ ಗಮನಿಸಿದನು. ಒಂದು ಸಂಜೆ ಚೆನ್ನಾಗಿ ಉಡುಗೆ ತೊಟ್ಟ ಹುಡುಗಿಯರ ಗುಂಪುಗಳು ಬಣ್ಣದ ಚಿಕ್ಕ ಕೋಲುಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ ಕುಣಿಯುವುದನ್ನು ಕಂಡನು. ಒಬ್ಬಳು ಹಾಡಿನ ಒಂದು ಸಾಲನ್ನು ಹೇಳಿದೊಡನೆ ಉಳಿದವರೆಲ್ಲ 'ಕೋಲೆ, ಕೋಲೆ' ಎಂದು ಹಲವು ಸಲ ಪಲ್ಲವಿಯೆತ್ತುತ್ತಿದ್ದರು. ಈ ಶಬ್ದವನ್ನು ಅವನು ಕಿವಿಗೆ ಬಿದ್ದಂತೆ ಶುದ್ಧವಾಗಿಯೇ ಬರೆದುಕೊಂಡಿದ್ದಾನೆ. ಆದರೆ ಅದರ ಅರ್ಥವು ಅವನಿಗೆ ತಿಳಿಯಲಿಲ್ಲ; ಹರ್ಷವನ್ನು ಸೂಚಿಸುವ ಮಾತಿರಬೇಕೆಂದು ಊಹಿಸಿ ಬಿಟ್ಟನು. ಕೈಯಲ್ಲಿದ್ದ ಕೋಲೇ ಹಾಡಿನ ಕೋಲೆಂಬುದನ್ನು ಆ ಗುಂಪಿನ ಅತ್ಯಂತ ಚಿಕ್ಕ ಹುಡುಗಿಯೂ ಹೇಳಿಬಿಡುತ್ತಿದ್ದಳು. ಗುಡಿಯ ಜಗಲಿಯ ಮೇಲೆ ಕೇಳಿದವನು ಇಲ್ಲಿ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಇಕ್ಕೇರಿಯಲ್ಲಿಯೇ ಅವನು ಕಂಡ ಇನ್ನೊಂದು ದೃಶ್ಯವು ಘೋರವಾದುದು. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ಸಿದ್ಧಳಾದ ಹೆಂಗಸೊಬ್ಬಳು ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು, ವಾದ್ಯಗಳೊಡನೆ ಬೀದಿಯಲ್ಲಿ ಹೋಗುತ್ತಿದ್ದಳು. ಆ ಕಾಲದ ಎಷ್ಟೋ ಯಾತ್ರಿಕರು ಇಂತಹ ದೃಶ್ಯವನ್ನು ಕಂಡು, ಬೆರಗಾಗಿ, ಬರೆದು ಮುಗಿಸಿದ್ದಾರೆ. ಪಿಯೆಟ್ರೊ ಅವಳ ಮನೆಗೆ ಹೋದನು. ಹೆಸರು ಕೇಳಿದನು. ಅವನು ಬರೆದಿರುವ ರೂಪವನ್ನು ನೋಡಿದರೆ ಅದು ನಮ್ಮ 'ಜಕ್ಕಮ್ಮ' ಇದ್ದೀತು. ಅವಳ ಗಂಡನು ವಾದ್ಯಗಾರ. ಮನೆಯಲ್ಲಿ ಎಳೆಯ ಮಕ್ಕಳಿದ್ದರು. ಮಕ್ಕಳಿಗಾಗಿಯಾದರೂ ಬದುಕಬೇಕೆಂದು ಪರದೇಶಿಯು ಬೇಡಿಕೊಂಡನು. ಯಾರ ಬಲಾತ್ಕಾರವೂ ಇಲ್ಲ, ತನ್ನ ಇಚ್ಛೆಯೇ ಇದೆಂದು ಅವಳು ಉತ್ತರಿಸಿದಳು. ಅವಳನ್ನು ಮಾತಿನಿಂದ ತಡೆಯಲಾರದೆ ಹೋದ ಅವನು, ತನ್ನ ಬರಹ ಉಳಿಯುವವರೆಗೆ ಅವಳ ಹೆಸರು ಉಳಿಯುವಂತೆ ಮಾಡುವೆನೆಂದು ಹೇಳಿ ಹೊರಬಂದನು.

ಮಿನಾಬಿನಲ್ಲಿ ಹೆಂಡತಿಯು ಸತ್ತು ಎರಡು ವರ್ಷವೂ ತುಂಬಿರಲಿಲ್ಲ. ಅವಳ ದೇಹವು ಇನ್ನೂ ಮಣ್ಣು ಸೇರಿರಲಿಲ್ಲ. ಅಂತಹ ಪತಿಯೊಬ್ಬನು ಪತಿಯನ್ನು ಕಳೆದುಕೊಂಡ ಹೆಂಗಸಿನ ಮುಂದೆ ಕುಳಿತು 'ಬದುಕು' ಎಂದು ಕೇಳಿಕೊಂಡನೆಂಬುದನ್ನು ನೆನೆದರೆ ಈ ಪ್ರಸಂಗದ ಭಾರ ತಿಳಿಯುತ್ತದೆ. ಹೆಂಡತಿ ಸತ್ತರೆ ಗಂಡನಿಗೆ ಪಯಣವನ್ನು ಮುಂದುವರಿಸುವ ಹಾದಿ ಲೋಕದಲ್ಲಿ ತೆರೆದಿತ್ತು. ಜಕ್ಕಮ್ಮನಿಗೆ ಚಿತೆಯ ಹಾದಿಯೊಂದೇ ಕಂಡಿತು. ಸಹಗಮನವನ್ನು ಬಂಗಾಳ ಪ್ರಾಂತದಲ್ಲಿ ಶಾಸನದಿಂದ ನಿಷೇಧಿಸಿದ್ದು 1829ರಲ್ಲಿ. ಅದಕ್ಕೆ ಎರಡು ಶತಮಾನ ಹಿಂದೆ, ಹೀಗೆ ಸಾಯಹೊರಟ ಕನ್ನಡ ನಾಡಿನ ಸಾಮಾನ್ಯ ಹೆಂಗಸೊಬ್ಬಳ ಹೆಸರೂ ಅವಳ ಮಾತೂ ಕಾಗದದ ಮೇಲೆ ನಿಂತವು.

ಪುತ್ತಿಗೆಯ ಚೌಟರ ಅರಸಿ

ಇಕ್ಕೇರಿಯಿಂದ ಘಟ್ಟವಿಳಿದು ಬಸರೂರಿಗೆ, ಅಲ್ಲಿಂದ ಕಡಲ ಹಾದಿಯಲ್ಲಿ ಮಂಗಳೂರಿಗೆ ಪಿಯೆಟ್ರೊ ಬಂದನು. ಅವನಿಗೆ ತುಳುನಾಡಿನ ಒಬ್ಬ ಅರಸಿಯನ್ನು ಕಾಣಬೇಕೆಂಬ ಕುತೂಹಲವಿತ್ತು. ಅವಳೇ ಉಳ್ಳಾಲದ ಚೌಟರ ರಾಣಿ ಅಬ್ಬಕ್ಕದೇವಿ. ಅವಳ ಹೆಸರನ್ನೂ 'ಚೌಟ' ಎಂಬ ಮನೆತನದ ಬಿರುದನ್ನೂ ಅವನು ತನ್ನ ಭಾಷೆಯ ಕಾಗುಣಿತದಲ್ಲಿ ಬರೆದಿಟ್ಟಿದ್ದಾನೆ. ಈ ಹೆಸರಿನ ರಾಣಿಯರು ಆ ವಂಶದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಆಳಿದರೆಂದು ಇತಿಹಾಸಜ್ಞರು ಹೇಳುತ್ತಾರೆ.

ಚೌಟರು ಜೈನ ಅರಸರು, ಅಳಿಯಸಂತಾನದ ಕಟ್ಟಿನವರು. ಕಡಲ ಬದಿಯಲ್ಲಿ ಉಳ್ಳಾಲ ಸೋಮೇಶ್ವರವೂ, ಒಳನಾಡಿನಲ್ಲಿ ಪುತ್ತಿಗೆಯೂ ಅವರ ರಾಜಧಾನಿಗಳು. ಮುಂದೆ ಮೂಡುಬಿದಿರೆ ಅವರ ನೆಲೆಯಾಯಿತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಪುತ್ತಿಗೆಯ ಹೆಸರೂ, ಕಾಸರಗೋಡಿನ ಪುತ್ತಿಗೆಯ ಹೆಸರೂ ಇದೇ ಆದುದರಿಂದ ಓದುಗರು ತೊಡಕಿಗೆ ಒಳಗಾಗಬಾರದು. ಚೌಟರ ಪುತ್ತಿಗೆಯು ಸೋಮನಾಥೇಶ್ವರನ ಸನ್ನಿಧಿಯುಳ್ಳ, ಮೂಡುಬಿದಿರೆಯ ನೆರೆಯ ಗ್ರಾಮ. ಸಾವಿರ ಕಂಬದ ಬಸದಿಯನ್ನು ನೋಡಲು ಮೂಡುಬಿದಿರೆಗೆ ಬರುವ ಶಾಲೆಯ ಮಕ್ಕಳು ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ನಾರಿಯರು ಕೂಡಿ ಆನೆಯಾದ, ಐವರು ಕೂಡಿ ಕುದುರೆಯಾದ ಕೆತ್ತನೆಗಳನ್ನೂ ನೋಡಿ ಹೋಗುವುದುಂಟು. ಅದು ಈ ವಂಶದವರದೇ ಮನೆ.

ಅಬ್ಬಕ್ಕದೇವಿಯ ಕಥೆಯಲ್ಲಿಯೂ ದಾಂಪತ್ಯದ ಒಂದು ಎಳೆಯುಂಟು. ನೆರೆಯ ಬಂಗ ಅರಸನನ್ನು ವಿವಾಹವಾಗಿದ್ದ ಅವಳು ಅವನಿಂದ ಬೇರೆಯಾದಳು. ಮನಸ್ತಾಪವು ಯುದ್ಧಕ್ಕೆ ತಿರುಗಿತು. ಬಂಗರಸನು ಪೋರ್ಚುಗೀಸರ ನೆರವನ್ನು ಬೇಡಿದನು. ಅರಸಿಯು ವೆಂಕಟಪ್ಪನಾಯಕನ ನೆರವನ್ನು ಬೇಡಿದಳು. ಇಕ್ಕೇರಿಯ ಸೇನೆಯು ಘಟ್ಟವಿಳಿದು ಬಂದು ಗೆದ್ದಿತು.

1623ರ ಡಿಸೆಂಬರಿನಲ್ಲಿ ಮಣೇಲು ಎಂಬಲ್ಲಿ ಪಿಯೆಟ್ರೊ ಆ ಅರಸಿಯನ್ನು ಹಾದಿಯಲ್ಲಿಯೇ ಸಂಧಿಸಿದನು. ಅವಳು ಪಲ್ಲಕ್ಕಿಯಲ್ಲಿರಲಿಲ್ಲ. ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾದಾ ಹತ್ತಿಯ ಬಟ್ಟೆ, ತಲೆಯ ಮೇಲೆ ಒಬ್ಬನು ಹಿಡಿದ ಕೊಡೆ, ಹಿಂದೆಮುಂದೆ ಕೆಲವೇ ಮಂದಿ ಕಾವಲಿನವರು. ವಯಸ್ಸು ಸುಮಾರು ನಲವತ್ತು. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ಖುದ್ದಾಗಿ ನೋಡಲು ಅವಳು ಹೊರಟಿದ್ದಳು. ರೋಮಿನ ಅರಮನೆಗಳ ವೈಭವವನ್ನು ಕಂಡ ಕಣ್ಣಿಗೆ ಅವಳು ರಾಣಿಯಂತೆ ಕಾಣಲಿಲ್ಲ. ನೋಟಕ್ಕೆ ಅಡುಗೆಮನೆಯ ಕೆಲಸದವಳಂತಿದ್ದಾಳೆಂದು ಅವನು ಸಂಕೋಚವಿಲ್ಲದೆ ಬರೆದನು.

ಆದರೆ ಅರಸಿಯು ನಿಂತು ಮಾತನಾಡಿಸಿದಳು. ದುಭಾಷಿಯ ಮೂಲಕ ಅವನು ಯಾವ ದೇಶದವನು, ಯಾವ ಯಾವ ನಾಡುಗಳನ್ನು ಕಂಡು ಬಂದವನು ಎಂದು ವಿಚಾರಿಸಿದಳು. ಆ ಧ್ವನಿಯನ್ನೂ ಮಾತಿನ ವಿವೇಕವನ್ನೂ ಕೇಳಿದ ಮೇಲೆ ಇವಳು ನಿಶ್ಚಯವಾಗಿ ರಾಣಿಯೆಂದು ಅವನಿಗೆ ಮನವರಿಕೆಯಾಯಿತು. ಅದನ್ನೂ ಅವನು ಅಷ್ಟೇ ಪ್ರಾಮಾಣಿಕವಾಗಿ ಬರೆದಿದ್ದಾನೆ. ಕಣ್ಣು ಕೊಟ್ಟ ತೀರ್ಪನ್ನು ಕಿವಿ ತಿದ್ದಿತು. ಉಡುಗೆಯ ಸರಳತೆಯು ಈ ನೆಲದ ಸೆಕೆಗೂ ಸಂಪ್ರದಾಯಕ್ಕೂ ಹೊಂದಿದ್ದೆಂಬುದನ್ನು ಅವನು ಅರಿತಿದ್ದರೆ ಮೊದಲಿನ ಮಾತನ್ನು ಬರೆಯುತ್ತಿರಲಿಲ್ಲ. ಬಿಸಿಲಿನಲ್ಲಿ ಬರಿಗಾಲಿನಿಂದ ನಡೆದು ಕಾಲುವೆಯ ಕೆಲಸ ನೋಡುವುದು ರಾಜಧರ್ಮದ ಲಕ್ಷಣವೆಂದು ನಮ್ಮವರಿಗೆ ತಿಳಿದೀತು; ಅದನ್ನು ಅವನು ಕಂಡನು, ಆದರೆ ಬೆಲೆಗಟ್ಟಲಾರದೆ ಹೋದನು.

ಪಯಣದ ಕೊನೆ

ಕದ್ರಿಯ ಜೋಗಿಗಳ ಅರಸನನ್ನು ಕಂಡು, ಕಲ್ಲಿಕೋಟೆಯವರೆಗೆ ಹೋಗಿ, ಪಿಯೆಟ್ರೊ ಗೋವೆಗೆ ಹಿಂದಿರುಗಿದನು. 1624ರ ನವೆಂಬರಿನಲ್ಲಿ ಭಾರತವನ್ನು ಬಿಟ್ಟು ಮಸ್ಕತ್, ಬಸ್ರಾಗಳ ಮೂಲಕ, ಮರುಭೂಮಿಯನ್ನು ಮತ್ತೆ ದಾಟಿ, 1626ರ ಮಾರ್ಚಿಯಲ್ಲಿ ರೋಮನ್ನು ಮುಟ್ಟಿದನು. ಹೊರಟು ಹನ್ನೆರಡು ವರ್ಷಗಳು ಸಮೀಪಿಸಿದ್ದವು. ನಾಲ್ಕು ವರ್ಷಗಳಿಗೂ ಮಿಕ್ಕು ಜೊತೆಯಲ್ಲಿ ಬಂದ ಮಾನಿಯ ದೇಹವು ಅರಾಚೇಲಿ ಎಂಬ ದೇವಾಲಯದಲ್ಲಿ ಅವನ ಹಿರಿಯರ ಸಮಾಧಿಯನ್ನು ಸೇರಿತು. 1627ರಲ್ಲಿ ನಡೆದ ಉತ್ತರಕ್ರಿಯೆಯ ಸಭೆಯಲ್ಲಿ ಅವನೇ ಚರಮಭಾಷಣವನ್ನು ಆರಂಭಿಸಿ, ದುಃಖದಿಂದ ಗಂಟಲು ಕಟ್ಟಿ ಮುಗಿಸಲಾರದೆ ಹೋದನು. ಅವನು 1652ರಲ್ಲಿ ತೀರಿಕೊಂಡನು. ಪತ್ರಗಳ ಮೊದಲ ಭಾಗವು 1650ರಲ್ಲಿ, ಪಾ‌ರಸೀಕ ದೇಶದ ಭಾಗವು 1658ರಲ್ಲಿ, ಭಾರತದ ಭಾಗವು 1663ರಲ್ಲಿ ಅಚ್ಚಾದವು. ಭಾರತದ ಭಾಗದ ಹಳೆಯ ಇಂಗ್ಲಿಷ್ ಅನುವಾದವನ್ನು ಹಕ್ಲೂಯಿಟ್ ಸಂಸ್ಥೆಯವರು 1892ರಲ್ಲಿ ಎರಡು ಸಂಪುಟಗಳಲ್ಲಿ ಟಿಪ್ಪಣಿಗಳೊಡನೆ ಪ್ರಕಟಿಸಿದ್ದಾರೆ. ಕೆಳದಿ ಮತ್ತು ತುಳುನಾಡಿನ ಇತಿಹಾಸವನ್ನು ಬರೆಯುವವರು ಈ ಗ್ರಂಥವನ್ನು ನೋಡದೆ ಮುಂದೆ ಹೋಗುವಂತಿಲ್ಲ.

ಈ ವೃತ್ತಾಂತದಿಂದ ತಿಳಿಯಬೇಕಾದುದೇನು? ಪಿಯೆಟ್ರೊ ನಮ್ಮ ನಾಡಿನಲ್ಲಿ ಕಳೆದದ್ದು ಕೆಲವೇ ವಾರಗಳು. ಕಂಡದ್ದು ಅಪಾರ. ಎಲ್ಲಿ ನಿಂತು ಕೇಳಿದನೋ ಅಲ್ಲಿ ಅವನ ಬರಹವು ನಾಲ್ಕು ಶತಮಾನಗಳಿಂದ ಪ್ರಮಾಣವಾಗಿದೆ. ಎಲ್ಲಿ ಕೇಳದೆ ಊಹಿಸಿದನೋ, ಉಡುಗೆಯನ್ನು ನೋಡಿ ತೀರ್ಮಾನಿಸಿದನೋ, ಅಲ್ಲಿ ಅವನ ಬರಹಕ್ಕೆ ಇಂದು ತಿದ್ದುಪಡಿ ಬೇಕಾಗಿದೆ. ನೋಡುವವನು ಒಬ್ಬನೇ, ನೋಡಿದ ನಾಡೂ ಒಂದೇ; ಕೇಳಿದ್ದು, ಕೇಳದಿದ್ದುದು ಎಂಬುದರಿಂದ ಫಲವು ಬೇರೆಯಾಯಿತು.

ಇಂದಿನ ಮನೆಬಂಡಿಯ ಪಯಣಿಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಒಂಟೆಯ ಮೇಲೆ ಹೋದವನಿಗೆ ನೀರಿಗಾಗಿ, ಆಸರೆಗಾಗಿ, ದಾರಿಗಾಗಿ ಪರರನ್ನು ಕೇಳದೆ ವಿಧಿಯಿರಲಿಲ್ಲ. ಹಾಸಿಗೆ, ಒಲೆ, ನೀರು, ದಾರಿ ತೋರುವ ಯಂತ್ರ ಎಲ್ಲವನ್ನೂ ಜೊತೆಗೊಯ್ಯುವ ಇಂದಿನ ದಂಪತಿಗಳಿಗೆ ಯಾರ ಬಾಗಿಲನ್ನೂ ತಟ್ಟುವ ಅವಶ್ಯಕತೆಯಿಲ್ಲ. ಹಿಮಗಿರಿಯನ್ನೂ ಸರೋವರವನ್ನೂ ಕಿಟಕಿಯಿಂದ ನೋಡಿ, ಚಿತ್ರ ತೆಗೆದುಕೊಂಡು, ಆ ನಾಡಿನ ಒಬ್ಬ ಮನುಷ್ಯನೊಡನೆಯೂ ಒಂದು ಮಾತನ್ನಾಡದೆ ಹಿಂದಿರುಗುವುದು ಸಾಧ್ಯ. ಬಂಡಿಯ ಅನುಕೂಲವನ್ನು ಬಿಡಬೇಕಾಗಿಲ್ಲ. ದಿನಕ್ಕೊಮ್ಮೆಯಾದರೂ ಅದರಿಂದ ಕೆಳಗಿಳಿದು ಅಲ್ಲಿಯ ಕುರಿಗಾಹಿಯನ್ನೋ ಬೆಸ್ತನನ್ನೋ ಮಾತನಾಡಿಸಿದರೆ ಸಾಕು, ಪಯಣದ ಸ್ವರೂಪವೇ ಬೇರೆಯಾಗುತ್ತದೆ.

ಉಪಾಧ್ಯಾಯರಿಗೂ ಇದು ಪ್ರಯೋಜನಕ್ಕೆ ಬರುವ ವಿಷಯ. ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಎಷ್ಟು ಊರು ನೋಡಿದೆವೆಂಬ ಪಟ್ಟಿಯನ್ನು ಬರೆಯಿಸುವುದು ವಾಡಿಕೆ. ಅದರ ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಊರಿನ ಒಬ್ಬರನ್ನು ಒಂದು ಪ್ರಶ್ನೆ ಕೇಳಿ, ಬಂದ ಉತ್ತರವನ್ನೂ ಉತ್ತರಿಸಿದವರ ಹೆಸರನ್ನೂ ದಿನಾಂಕವನ್ನೂ ಬರೆದು ತರುವ ನಿಯಮವನ್ನು ಮಾಡಬಹುದು. ಮೂಡುಬಿದಿರೆಗೆ ಹೋದವರು ಪುತ್ತಿಗೆಗೂ ಹೋಗಿ, ಅಲ್ಲಿಯ ಹಿರಿಯರು ಚೌಟರ ವಿಷಯವಾಗಿ ಏನು ಹೇಳುವರೆಂದು ಕೇಳಿಬರಬಹುದು. ಹಾಗೆ ಬಂದ ಉತ್ತರಗಳಲ್ಲಿ ಬಹುಪಾಲು ಸಾಮಾನ್ಯವಾದುವಾಗಿರಬಹುದು. ಗುಡಿಯ ಜಗಲಿಯ ಹುಡುಗರ ಉತ್ತರವೂ ಅಂದು ಅವರ ಪಾಲಿಗೆ ಸಾಮಾನ್ಯವಾದುದೇ ಆಗಿತ್ತು. ಅವರ ಮರಳಿನ ಅಕ್ಷರಗಳು ಅಂದೇ ಅಳಿದುಹೋದವು. ದಾರಿಹೋಕನು ಕೇಳಿ ಬರೆದುಕೊಂಡ ನಾಲ್ಕು ಸಾಲುಗಳು ಉಳಿದು, ನಮ್ಮ ನಾಡಿನ ಶಾಲೆಗಳ ಚರಿತ್ರೆಯಲ್ಲಿ ಒಂದು ಪುಟವಾದವು.